ರಾಜೀನಾಮೆ ಮೀಮಾಂಸೆ: ಕನ್ಸಲ್ಟಿಂಗ್ ಕುಲದ ಉಳಿಕೆ-ಅಳಿಕೆಗಳ ಕಿರುಭಾಷ್ಯ

ಊರವರ ಕಂಪನಿಗಳನ್ನೆಲ್ಲ ಸರಿಪಡಿಸುವುದು ಹೇಗೆಂದು ಗಂಟೆಯ ಲೆಕ್ಕದಲ್ಲಿ ಹೇಳಿಕೊಡುವ ವಿದ್ಯೆಗೆ ಕನ್ಸಲ್ಟಿಂಗ್ ಎಂದು ಹೆಸರು. ಈ ಕುಲದ ಹಿರಿಯ ಪೀಠಗಳಲ್ಲೊಂದಾದ ಮೆಕಿನ್ಸಿ 1926ರಲ್ಲಿ ಷಿಕಾಗೋದಲ್ಲಿ ಹುಟ್ಟಿತು. ಏರುವವರು ಏರಿ, ಏರದವರು ಎದ್ದುಹೋಗಿ ಎಂಬುದು ಅದರ ಪ್ರಸಿದ್ಧ ವಿಧಿ. ಅಂದಮೇಲೆ ಶಿಷ್ಯರನ್ನು ಹೊರಗೆ ಕಳಿಸುವುದು ಈ ಮತದಲ್ಲಿ ದೋಷವಲ್ಲ, ಆಚಾರ. ಹೋದವರು ಗಿರಾಕಿ ಕಂಪನಿಗಳಲ್ಲಿ ದೊಡ್ಡ ಕುರ್ಚಿ ಹಿಡಿದು ಹಳೆಯ ಪೀಠಕ್ಕೇ ಪ್ರಾಜೆಕ್ಟ್ ಕೊಡುವುದೂ ಉಂಟು. ಇಂಥ ಕುಲದಲ್ಲಿ ಜನರನ್ನು ಉಳಿಸಿಕೊಳ್ಳುವ ಚಿಂತೆ ಹುಟ್ಟಿದ್ದೇ ಸೋಜಿಗ. ಆದರೂ ಹುಟ್ಟಿದೆ. ಅದಕ್ಕೊಂದು ಕಮಿಟಿ ಇದೆ, ಕಮಿಟಿಗೆ ಪಿಪಿಟಿ ಇದೆ.

ಮೊದಲು ಪೂರ್ವಪಕ್ಷ. 1990ರಲ್ಲಿ ವಿಲಿಯಂ ಕಾನ್ ಎಂಬ ಅಮೆರಿಕದ ವಿದ್ವಾಂಸರು ಮನುಷ್ಯ ಕೆಲಸದಲ್ಲಿ ಯಾವಾಗ ತೊಡಗುತ್ತಾನೆ, ಯಾವಾಗ ಕಳಚಿಕೊಳ್ಳುತ್ತಾನೆ ಎಂದು ವಿಚಾರಿಸಿದರು. ಕೆಲಸದಲ್ಲಿ ಅರ್ಥ ಕಾಣಬೇಕು, ಬಾಯಿಬಿಡಲು ಅಂಜಿಕೆ ಇರಬಾರದು, ಮೈಮನಸ್ಸಿನಲ್ಲಿ ಕಸುವು ಉಳಿದಿರಬೇಕು ಎಂಬುದು ಅವರ ಮತ. ಅವರು ಅಧ್ಯಯನಕ್ಕೆ ಆರಿಸಿದ್ದು ಒಂದು ವಾಸ್ತುಶಿಲ್ಪ ಸಂಸ್ಥೆ ಮತ್ತು ಮಕ್ಕಳ ಬೇಸಿಗೆ ಶಿಬಿರ. ಬೇಸಿಗೆ ಮುಗಿದರೆ ಶಿಬಿರವೂ ಮುಗಿಯುತ್ತದೆ ಎಂಬ ಸೂಕ್ಷ್ಮವನ್ನು ಎಚ್‌ಆರ್ ಭಾಷ್ಯಕಾರರು ಗಮನಿಸಿದಂತಿಲ್ಲ.

ಆಮೇಲೆ ಬಂದದ್ದು ಈ ತೊಡಗುವಿಕೆಯನ್ನು ಅಳೆಯಲು ಸಮೀಕ್ಷೆಯ ಸಂಸ್ಥೆ ಗ್ಯಾಲಪ್ ಮಾಡಿದ 12 ಪ್ರಶ್ನೆಗಳು. ಆಫೀಸಿನಲ್ಲಿ ನಿಮಗೆ ಆಪ್ತಮಿತ್ರರಿದ್ದಾರೆಯೇ ಎನ್ನುವುದೂ ಅವುಗಳಲ್ಲೊಂದು. ಇದ್ದಾನೆ ಸ್ವಾಮಿ. ಹೋದ ತಿಂಗಳು ಪೇಪರ್ ಹಾಕಿದ. ಹೊಸ ಕಂಪನಿಯ ರೆಫರಲ್ ಬೋನಸ್ಸಿಗಾಗಿ ನನ್ನ ರೆಸ್ಯೂಮೆ ಕೇಳುತ್ತಿದ್ದಾನೆ. ಇದಕ್ಕೆ ಎಷ್ಟು ಅಂಕ ಕೊಡಬೇಕೆಂದು ಶಾಸ್ತ್ರ ಮೌನವಾಗಿದೆ.

ಇನ್ನು ಸಿದ್ಧಾಂತ. ಹೊಗೆ ಇದ್ದಲ್ಲಿ ಬೆಂಕಿ ಎಂದು ತರ್ಕಶಾಸ್ತ್ರ ಹೇಳುವಂತೆ, ರಾಜೀನಾಮೆ ಇದ್ದಲ್ಲಿ ವಾತ್ಸಲ್ಯ ಎಂಬುದು ನಮ್ಮ ವ್ಯಾಪ್ತಿ. ಅನ್ವಯ ನೋಡಿ. ಬೆಂಗಳೂರಿನ ಔಟರ್ ರಿಂಗ್ ರೋಡಿನ ಒಂದು ಗಾಜಿನ ಕಟ್ಟಡದಲ್ಲಿ ಉದ್ಯೋಗಿಯೊಬ್ಬ ಸಂಜೆ ರಾಜೀನಾಮೆಯ ಮೇಲ್ ಕಳಿಸುತ್ತಾನೆ. ಅದುವರೆಗೆ ಅವನ ಹೆಸರನ್ನು ಎಕ್ಸೆಲ್ ಶೀಟಿನಲ್ಲಿ ಮಾತ್ರ ಕಂಡಿದ್ದ ಡೆಲಿವರಿ ಹೆಡ್ ಮರುದಿನವೇ ಕಾಫಿಗೆ ಕರೆದು ಹೆಗಲ ಮೇಲೆ ಕೈ ಇಡುತ್ತಾರೆ. ಅಪ್ರೈಸಲ್ ಹೊತ್ತಿನಲ್ಲಿ ಇಲ್ಲವೇ ಇಲ್ಲವೆಂದಿದ್ದ ಬಜೆಟ್ಟು ಕೌಂಟರ್ ಆಫರ್ ರೂಪದಲ್ಲಿ ಅವತರಿಸುತ್ತದೆ. ಆನ್‌ಸೈಟ್ ಎಂಬ ಸ್ವರ್ಗದ ಪ್ರಸ್ತಾಪವೂ ಬರುತ್ತದೆ. ವ್ಯತಿರೇಕವೂ ಅಷ್ಟೇ ಸ್ಪಷ್ಟ: ರಾಜೀನಾಮೆ ಕೊಡದೆ ಪಕ್ಕದಲ್ಲೇ ಕುಳಿತಿರುವವನಿಗೆ ಸಿಗುವುದು ಹೋಗುವವನ ಕೆಲಸ, ಒಂದು ಟೀ ಷರ್ಟ್, ಶುಕ್ರವಾರ ಪಿಜ್ಜಾ.

ಹಾಗಾದರೆ ಉಳಿದವರು ಉಳಿದದ್ದು ಏತಕ್ಕೆ? ಇಲ್ಲಿ ಅಂಕಿಗಳೇ ಪ್ರಮಾಣ. ಕನ್ಸಲ್ಟಿಂಗನ್ನೂ ಮಾರುವ ಇನ್ಫೋಸಿಸ್ ಪ್ರಕಟಿಸಿದ ಅಟ್ರಿಷನ್, ಅಂದರೆ ತಾವಾಗಿ ಕೆಲಸ ಬಿಟ್ಟವರ ಪ್ರಮಾಣ, 2022ರ ಜೂನ್ ಹೊತ್ತಿಗೆ ಶೇ. 28.4 ಇತ್ತು, 2024ರ ಮಾರ್ಚ್ ಹೊತ್ತಿಗೆ ಶೇ. 12.6ಕ್ಕೆ ಇಳಿಯಿತು. ಆ ನಡುವೆ ಉದ್ಯಮಕ್ಕೆ ಉದ್ಯಮವೇ ತಣ್ಣಗಾಗಿ, ಹೊರಗಿನಿಂದ ಬರುತ್ತಿದ್ದ ಆಫರ್‌ಗಳು ಬತ್ತಿಹೋಗಿದ್ದವು. ಇಂಥ ಬರಗಾಲದಲ್ಲಿ ಯಾರೂ ಕದಲುವುದಿಲ್ಲ. ಆಗ ಕಮಿಟಿಗಳು ತಮ್ಮ ಪಿಪಿಟಿಗೆ ಹಸಿರು ಬಾಣ ಹಾಕಿಕೊಂಡು ಇದು ನಮ್ಮ ಯೋಗ ದಿನದ ಫಲ ಎನ್ನುತ್ತವೆ. ಗ್ರ್ಯಾಚುಟಿಯ ಐದು ವರ್ಷದ ಷರತ್ತು ತುಂಬಲು ಕೆಲವೇ ತಿಂಗಳು ಬಾಕಿ ಇರುವವರಲ್ಲಿ ಕಾಣುವ ಅಚಲ ನಿಷ್ಠೆಯನ್ನೂ ಇದೇ ಲೆಕ್ಕಕ್ಕೆ ಸೇರಿಸಿಕೊಳ್ಳುವ ವಾಡಿಕೆ ಇದೆ.

ನೋಟಿಸ್ ಪೀರಿಯಡ್ ಅನೇಕ ಕಡೆ 90 ದಿನ. ಕಂಪನಿಗೂ ನೌಕರನಿಗೂ ಇರುವ ಸಂಬಂಧದಲ್ಲಿ ಪರಸ್ಪರ ಗೌರವ ತುಂಬಿ ತುಳುಕುವ ಕಾಲವೇನಾದರೂ ಇದ್ದರೆ ಇದೊಂದೇ. ರಾಜೀನಾಮೆ ಕೊಟ್ಟವನು ಆರಕ್ಕೆ ಸರಿಯಾಗಿ ಮನೆಗೆ ಹೊರಡುತ್ತಾನೆ, ಮೀಟಿಂಗಿನಲ್ಲಿ ನಿಜ ನುಡಿಯುತ್ತಾನೆ, ಕೆಲಸ ಒಪ್ಪಿಸುವ ಕೆಟಿ ಕೊಡುವಾಗ ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಡುತ್ತಾನೆ. ಕಾನ್ ಅವರು ಬಯಸಿದ ಅರ್ಥ, ಅಭಯ, ಕಸುವು ಮೂರೂ ಅವನಲ್ಲಿ ಒಟ್ಟಿಗೆ ಕಾಣುವುದು ಆಗಲೇ. ಆದಕಾರಣ ನಮ್ಮ ವಿನಮ್ರ ಸೂಚನೆ: ಕೆಲಸಕ್ಕೆ ಸೇರಿದ ದಿನವೇ ಲ್ಯಾಪ್‌ಟಾಪ್, ಐಡಿ ಕಾರ್ಡುಗಳ ಜೊತೆಗೆ ರಾಜೀನಾಮೆಯನ್ನೂ ಬರೆಸಿಕೊಂಡು, 90 ದಿನಕ್ಕೊಮ್ಮೆ ಅದನ್ನು ನವೀಕರಿಸತಕ್ಕದ್ದು.

ಇದಕ್ಕೆ ಫೈನಾನ್ಸಿನವರದು ಒಂದೇ ತಕರಾರು. ದಿನವೂ ಇಷ್ಟು ಜನರನ್ನು ಕಾಫಿಗೆ ಕರೆದರೆ ಆ ಗಂಟೆಗಳನ್ನು ಟೈಮ್‌ಶೀಟಿನಲ್ಲಿ ಯಾವ ಗಿರಾಕಿಯ ಕೋಡಿಗೆ ಹಾಕುವುದು?