ಮೊಬೈಲ್ ನಂಬರಿನ ದಾನವಿಧಿ: ಒಂದು ಮೀಮಾಂಸೆ

ಮನುಷ್ಯನೆಂದರೆ ಹತ್ತಂಕಿಯ ಮೊಬೈಲ್ ಸಂಖ್ಯೆ, ಹನ್ನೆರಡಂಕಿಯ ಆಧಾರ್ ಸಂಖ್ಯೆ ಮತ್ತು ಇವೆರಡನ್ನೂ ಹೊತ್ತು ತಿರುಗಲೆಂದು ಸೃಷ್ಟಿಯಾದ ದೇಹ. ಸದರಿ ಸಂಖ್ಯೆಗಳನ್ನು ಯಾರಿಗೆ, ಹೇಗೆ ದಾನ ಮಾಡತಕ್ಕದ್ದೆಂಬುದೇ ಪ್ರಸ್ತುತ ಗ್ರಂಥದ ವಿಷಯ.

ಸಮ್ಮತಿ ಪಂಚವಿಧ. ಪ್ರಥಮ, ದ್ವಾರಸಮ್ಮತಿ: ಅಪಾರ್ಟ್‌ಮೆಂಟಿನ ಗೇಟಿನಲ್ಲಿ ವಾಚ್‌ಮನ್ ಟ್ಯಾಬ್ ಚಾಚಿದಾಗ ಹೆಸರು, ನಂಬರು, ಮುಖ ಮೂರನ್ನೂ ಒಪ್ಪಿಸುವುದು. ದ್ವಿತೀಯ, ಗಲ್ಲಾಸಮ್ಮತಿ: ಅರ್ಧ ಕಿಲೋ ತೊಗರಿಬೇಳೆಗೆ ಬಿಲ್ ಮಾಡುವ ಹುಡುಗಿ ‘ನಂಬರ್ ಹೇಳಿ ಸರ್’ ಎಂದೊಡನೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಪಠಿಸುವುದು, ಒಂದಂಕಿ ತಪ್ಪಿದರೆ ಮೊದಲಿನಿಂದ ಪಠಣ. ತೃತೀಯ, ಜೆರಾಕ್ಸ್‌ಸಮ್ಮತಿ... ಉಳಿದವು ಬೇಡ ಬಿಡಿ. ಐದರ ಸಾರವೂ ಒಂದೇ: ನಂಬರಿಲ್ಲದಿದ್ದರೆ ಬೇಳೆಯಿಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಅದಕ್ಕಾಗಿ ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರಿನಲ್ಲಿ. ಸಮ್ಮತಿ, ನೋಟಿಸುಗಳ ಕಲಮುಗಳಿಗೆ ಅಲ್ಲಿಂದಾಚೆ ಮತ್ತೆ ಹದಿನೆಂಟು ತಿಂಗಳ ಗರ್ಭವಾಸ.

ಕಾಯ್ದೆಯ ಪ್ರಕಾರ ನಂಬರು ಕೊಟ್ಟ ನಾನು ಡೇಟಾ ಪ್ರಿನ್ಸಿಪಾಲ್. ಪಡೆದ ಅಂಗಡಿ ಡೇಟಾ ಫಿಡ್ಯೂಶಿಯರಿ. ಫಿಡ್ಯೂಶಿಯರಿ ಭದ್ರತೆ ಕೈಬಿಟ್ಟು ಮಾಹಿತಿ ಸೋರಿಸಿದರೆ ದಂಡ 250 ಕೋಟಿ ರೂಪಾಯಿವರೆಗೆ. ಅದರಲ್ಲಿ ಪ್ರಿನ್ಸಿಪಾಲರ ಪಾಲೆಷ್ಟು? ಸೊನ್ನೆ. ಅಷ್ಟೂ ಭಾರತದ ಸಂಚಿತ ನಿಧಿಗೆ. ಹಳೆಯ ಐಟಿ ಕಾಯ್ದೆಯ 43ಎ ಕಲಮಿನಲ್ಲಿ ನೊಂದವನಿಗೆ ಪರಿಹಾರದ ಮಾತಿದೆ. ಅದೇ ಹದಿನೆಂಟು ತಿಂಗಳು ತುಂಬಿದೊಡನೆ ಅದಕ್ಕೂ ಇದೇ ಕಾಯ್ದೆಯ ಕತ್ತರಿ. ಆದರೆ ಪ್ರಿನ್ಸಿಪಾಲರು ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ 10,000 ರೂಪಾಯಿವರೆಗೆ ತಾವೇ ತೆರಬೇಕು. ಕಳವಾದದ್ದು ನನ್ನದು, ದಂಡ ಸರ್ಕಾರಕ್ಕೆ, ಗದರಿಕೆ ಮತ್ತೆ ನನಗೇ! ಇದನ್ನು ರಕ್ಷಣೆ ಎನ್ನಲು ಯಾರಿಗೂ ನಾಚಿಕೆಯಾಗಲಿಲ್ಲವೇ?

ಇನ್ನು ವಿನಾಯಿತಿ ಪ್ರಕರಣ. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣ ಹೇಳಿ ಕೇಂದ್ರವು ತನಗೆ ಬೇಕಾದ ಸರ್ಕಾರಿ ಸಂಸ್ಥೆಯನ್ನು ಕಾಯ್ದೆಯಿಂದಲೇ ಹೊರಗಿಡಬಹುದು. ನಮಗೆ ಹದಿನೆಂಟು ತಿಂಗಳು ಕಾಯಿರಿ ಎಂದವರು ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ಮಾತ್ರ ಅದೇ ನವೆಂಬರಿನಲ್ಲಿ ತಿದ್ದಿ ಮುಗಿಸಿದರು. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ವೈಯಕ್ತಿಕ ಮಾಹಿತಿಯನ್ನೂ ಕೊಡಬೇಕೆಂಬ ಮಾತು ಆ ಕಲಮಿನೊಳಗೆ ಈಗಿಲ್ಲ. ಹಿತ ದೊಡ್ಡದಿದ್ದರೆ ಕೊಡಬಹುದೆನ್ನುವ 8(2) ಇದೆಯಲ್ಲ ಎನ್ನುವ ವಕೀಲರಿದ್ದಾರೆ. ಪಂಚಾಯಿತಿ ಕಚೇರಿಯ ಕಿಟಕಿಯಲ್ಲಿ ನಿಂತು ಆ ವಾದ ಮಂಡಿಸಿ ನೋಡಲಿ. ಆಶ್ರಯ ಮನೆ ಯಾರಿಗೆ ಸಿಕ್ಕಿತೆಂದು ವಿಧವೆಯೊಬ್ಬಳು ಕೇಳಿದರೆ, ‘ಅದು ವೈಯಕ್ತಿಕ ಮಾಹಿತಿ ಕಣಮ್ಮ’ ಎನ್ನಲು ಗುಮಾಸ್ತನಿಗೆ ಈಗ ಕಲಮಿನ ಬಲವಿದೆ. ಅದನ್ನು ಹೇಳುವ ಮೊದಲು ಅವಳ ಆಧಾರ್ ಜೆರಾಕ್ಸ್ ಇಸಿದುಕೊಂಡಿರುತ್ತಾನೆ.