ಬಾಕಿ ಗುಟ್ಟುಗಳ ಲೆಕ್ಕಾಧಿಕಾರಿ

ಯಲಹಂಕ ಉಪನಗರದ ಉದ್ಯಾನಗಳಲ್ಲಿ ಬೆಳಗಿನ ನಡಿಗೆ ಮುಗಿದ ಮೇಲೂ ಮನೆಗೆ ಹೋಗದೆ, ಕಲ್ಲುಬೆಂಚಿನ ಮೇಲೆ ಕೂತು ಗಂಭೀರವಾದ ವಿಚಾರಣೆ ನಡೆಸುವ ಒಂದು ವರ್ಗವಿದೆ. ದೂರದಿಂದ ಕಂಡವರಿಗೆ ಆಸ್ತಿ ಪಾಲಿನ ಪಂಚಾಯಿತಿಯೆಂದು ತೋರುವ ಈ ಸಭೆಯ ವಿಷಯ, ವಾಸ್ತವದಲ್ಲಿ, ಹಿಂದಿನ ರಾತ್ರಿಯ ಧಾರಾವಾಹಿ. ಸಭೆಯ ಅಧ್ಯಕ್ಷರನ್ನು ಧಾರಾವಾಹಿ ಪತ್ತೇದಾರರೆಂದು ಕರೆಯಬಹುದು. ಇವರು ಬಹುಮಟ್ಟಿಗೆ ನಿವೃತ್ತರು. ರೈಲ್ವೆಯ ವೀಲ್ ಫ್ಯಾಕ್ಟರಿಯ ಲೆಕ್ಕಪತ್ರ ವಿಭಾಗದಲ್ಲೋ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕಚೇರಿಯಲ್ಲೋ ಮೂರು ದಶಕ ಕಡತ ತಿರುವಿ ಬಂದವರಾದ್ದರಿಂದ, ಇತ್ಯರ್ಥವಾಗದೆ ಉಳಿದ ಯಾವುದನ್ನು ಕಂಡರೂ ಅವರಿಗೆ ಊಟ ಸೇರುವುದಿಲ್ಲ.

ಪತ್ತೇದಾರರ ಮುಖ್ಯ ಸಾಧನ ರಟ್ಟಿನ ಹೊದಿಕೆಯ ಉದ್ದನೆಯ ಲೆಕ್ಕದ ಪುಸ್ತಕ. ಅದರಲ್ಲಿ ದಿನಾಂಕ, ಗುಟ್ಟಿನ ವಿವರ, ಗುಟ್ಟು ಬಲ್ಲವರು, ಷರಾ ಎಂಬ ನಾಲ್ಕು ಕಲಂಗಳಿರುತ್ತವೆ. ‘ಅತ್ತೆ ಬೀರುವಿನಲ್ಲಿ ಬಚ್ಚಿಟ್ಟ ಪತ್ರ’ ಎಂಬ ಬಾಬ್ತಿನ ಎದುರು ‘ಬೀರುವೇ ಬದಲಾಗಿದೆ, ಪತ್ರದ ಸುಳಿವಿಲ್ಲ’ ಎಂದೂ, ‘ದುಬೈಗೆ ಹೋದ ಮೈದುನ’ ಎಂಬುದರ ಎದುರು ‘ಹದಿನಾಲ್ಕು ತಿಂಗಳಿಂದ ಯಾರೂ ವಿಚಾರಿಸಿಲ್ಲ’ ಎಂದೂ ಕೆಂಪು ಶಾಯಿಯಲ್ಲಿ ಬರೆದಿರುತ್ತದೆ. ಸ್ವಂತ ಮೈದುನ ಎಲ್ಲಿದ್ದಾನೆಂದು ಇವರನ್ನು ಕೇಳಿದರೆ ಮಡದಿಯ ಮುಖ ನೋಡುತ್ತಾರೆಂಬುದು ಬೇರೆ ಮಾತು.

ಈ ವರ್ಗಕ್ಕೆ ಇತಿಹಾಸವಿದೆ. ಕಾದಂಬರಿಕಾರ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಯಿಂದ ತಂದು ಓದಿ, ವಾರಪತ್ರಿಕೆಯ ಕಂತಿಗಾಗಿ ಅಂಚೆಯಣ್ಣನ ದಾರಿ ಕಾದ ತಲೆಮಾರಿಗೆ, 1998ರಲ್ಲಿ ದೂರದರ್ಶನದ ‘ಮಾಯಾಮೃಗ’ ದಿನಕ್ಕೊಂದು ಕಂತು ಕೊಡಲು ಆರಂಭಿಸಿತು. ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ನಿರ್ದೇಶಿಸಿದ ಆ ಧಾರಾವಾಹಿಗಾಗಿ ಸಂಜೆ ನಾಲ್ಕೂವರೆಗೆ ಮನೆ ಸೇರುವ ಅಭ್ಯಾಸ ಬೆಳೆಯಿತು. ಮುಂದೆ ‘ಮುಕ್ತ’ ಬಂದು, ಸೀತಾರಾಮ್ ಅವರೇ ಸಿಎಸ್‌ಪಿ ಎಂಬ ವಕೀಲರಾಗಿ ಕಟಕಟೆಯ ಮುಂದೆ ನಿಂತು ಸಾಕ್ಷಿಗಳನ್ನು ಕಂತುಗಟ್ಟಲೆ ಪಾಟೀಸವಾಲಿಗೆ ಒಳಪಡಿಸಿದ ಮೇಲೆ, ಉತ್ತರ ಬೆಂಗಳೂರಿನ ಪ್ರತಿ ಕಲ್ಲುಬೆಂಚಿನ ಮೇಲೂ ಒಬ್ಬೊಬ್ಬ ವಕೀಲರು ಹುಟ್ಟಿಕೊಂಡರು. ಪಾಟೀಸವಾಲೆಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸಿ ಸತ್ಯ ಹೊರಗೆಳೆಯುವ ಕ್ರಮ. ಕಲ್ಲುಬೆಂಚಿನ ಮೇಲೆ ಅದು ಎದುರಿನವರಿಗೆ ಮಾತಾಡಲು ಬಿಡದಿರುವ ಕ್ರಮ.

ವಾಹಿನಿಯು ‘ಅಂತಿಮ ಸಂಚಿಕೆಗಳು’ ಎಂಬ ಪ್ರೋಮೊ, ಅಂದರೆ ಮುಂಬರುವ ಕಂತಿನ ತುಣುಕು ಜಾಹೀರಾತು, ಬಿಟ್ಟ ದಿನದಿಂದ ಈ ವಿಚಾರಣೆ ತೀವ್ರಗೊಂಡು ಮೂರು ಪಂಥಗಳಾಗಿ ಒಡೆಯುತ್ತದೆ. ಮೊದಲನೆಯದು ಜನ್ಮರಹಸ್ಯ ಪಂಥ. ತೋಟದ ಮಾಲಿಯನ್ನೂ ಬಿಡದೆ ಕಥೆಯಲ್ಲಿರುವ ಪ್ರತಿಯೊಬ್ಬರೂ ಬೇರೆ ಯಾರದೋ ಮಕ್ಕಳೆಂಬುದು ಇದರ ಸಿದ್ಧಾಂತ. ಎರಡನೆಯದು ಶವದರ್ಶನ ಪಂಥ. ಹೆಣ ಕಣ್ಣಾರೆ ಕಾಣದ ಹೊರತು ಯಾರ ಸಾವನ್ನೂ ಇದು ಒಪ್ಪದು, ಹೊಳೆಗೆ ಬಿದ್ದವರನ್ನಂತೂ ಸರ್ವಥಾ ಒಪ್ಪದು. ಮೂರನೆಯದು ಕಾಲ್‌ಶೀಟ್ ಪಂಥ. ಕಾಲ್‌ಶೀಟ್ ಎಂದರೆ ಕಲಾವಿದರು ಚಿತ್ರೀಕರಣಕ್ಕೆ ಕೊಡುವ ದಿನಗಳ ಒಪ್ಪಂದ. ಕಥೆಯ ಎಲ್ಲ ನಿಗೂಢಗಳೂ ಅದರ ಕೊರತೆಯಿಂದಲೇ ಹುಟ್ಟುತ್ತವೆಂದು ಈ ಪಂಥ ಸಾರುತ್ತದೆ. ಇದರ ಪ್ರಚಾರಕರು ಸಾಮಾನ್ಯವಾಗಿ ಆರ್.ಟಿ. ನಗರದಿಂದ ಮಗಳ ಮನೆಗೆ ಬಂದಿರುವ ಬೀಗರು.

“ಮೈದುನ ಬಂದೇ ಬರ್ತಾನೆ ಸ್ವಾಮಿ, ಉಯಿಲಿಗೆ ಅವನ ಸಹಿ ಬೇಡವೇ?” ಎಂದು ಅಧ್ಯಕ್ಷರು ಪುಸ್ತಕ ಬಿಚ್ಚುತ್ತಾರೆ.

“ಎಲ್ಲಿ ಬರ್ತಾನೆ ರಾಯರೇ? ಆ ಹುಡುಗನಿಗೆ ಸಿನಿಮಾ ಸಿಕ್ತಂತೆ,” ಎಂದು ಬೀಗರು ಮಫ್ಲರ್ ಸರಿಪಡಿಸಿಕೊಳ್ಳುತ್ತಾರೆ.

ಸಭೆಯಲ್ಲಿ ಮೌನ ಕವಿಯುತ್ತದೆ. ಮೂರು ಪಂಥಗಳಲ್ಲಿ ಅತ್ಯಂತ ಹೆಚ್ಚು ಬಾರಿ ನಿಜವಾಗುವುದೂ ಅತ್ಯಂತ ಹೆಚ್ಚು ದ್ವೇಷಕ್ಕೆ ಗುರಿಯಾಗುವುದೂ ಈ ಕಾಲ್‌ಶೀಟ್ ಪಂಥವೇ. ಮಾದರಿ ಮನೆಗಳಲ್ಲಿ ಅಳವಡಿಸಿದ ಮೀಟರುಗಳಿಂದ ವೀಕ್ಷಕರ ಪ್ರಮಾಣವನ್ನು ಅಳೆಯುವ ಟಿಆರ್‌ಪಿ ವಾರವಾರವೂ ಬರುವುದರಿಂದ, ಅಂಕ ಇಳಿದಾಗ ಕಥೆಯ ದಿಕ್ಕೂ ತಿರುಗಬೇಕಾಗುತ್ತದೆ ಮತ್ತು ಮರೆತ ಗುಟ್ಟುಗಳಿಗೆ ಬರಹಗಾರರಿಗಿಂತ ನೋಡುಗರೇ ವಾರಸುದಾರರಾಗುತ್ತಾರೆ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು ನಿಂತಲ್ಲೇ ನಿಂತಾಗ ಯಲಹಂಕದಿಂದ ಯಶವಂತಪುರದವರೆಗೆ ಸಾಗುವ ಚರ್ಚೆ ಅದೇ ವಾರಸುದಾರರದು.

ಇದನ್ನು ನಿವೃತ್ತರ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಚಾರ್ಲ್ಸ್ ಡಿಕನ್ಸ್ 1870ರಲ್ಲಿ ತೀರಿಕೊಂಡಾಗ, ಕಂತುಕಂತಾಗಿ ಬರುತ್ತಿದ್ದ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಕಾದಂಬರಿ ಅರ್ಧಕ್ಕೇ ನಿಂತು, ಎಡ್ವಿನ್ ಕೊಲೆಯಾದನೋ ಬದುಕಿದ್ದಾನೋ ತಿಳಿಯದೆ ಹೋಯಿತು. 1914ರಲ್ಲಿ ಲಂಡನ್ನಿನ ಸಾಹಿತಿಗಳು ಇದಕ್ಕಾಗಿ ಅಣಕು ನ್ಯಾಯಾಲಯವನ್ನೇ ನಡೆಸಿದರು. ಜಿ. ಕೆ. ಚೆಸ್ಟರ್ಟನ್ ನ್ಯಾಯಾಧೀಶ, ಜ್ಯೂರಿಯ ಮುಂದಾಳು ಬರ್ನಾರ್ಡ್ ಷಾ. ಕೊನೆಗೆ ಚೆಸ್ಟರ್ಟನ್ ತಮ್ಮೊಬ್ಬರನ್ನು ಬಿಟ್ಟು ಅಲ್ಲಿದ್ದವರೆಲ್ಲರಿಗೂ ನ್ಯಾಯಾಂಗ ನಿಂದನೆಗಾಗಿ ದಂಡ ವಿಧಿಸಿದರು. ಕಲ್ಲುಬೆಂಚಿನ ಅಧ್ಯಕ್ಷರಿಗೆ ಆ ಅಧಿಕಾರವೊಂದು ಇಲ್ಲ. ಅವರು ಹೆಚ್ಚೆಂದರೆ ಬೀಗರ ಕಾಫಿಯ ದುಡ್ಡು ಕೊಡದೆ ಎದ್ದು ಹೋಗಬಲ್ಲರು.

ಅಂತಿಮ ಸಂಚಿಕೆ ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತಿದೆ: ಖಳರು ಕ್ಷಮೆ ಕೇಳುತ್ತಾರೆ, ಮನೆಮಂದಿಯೆಲ್ಲ ಸಾಲಾಗಿ ನಿಂತು ಕೈಮುಗಿಯುತ್ತಾರೆ, ಮೈದುನನ ಹೆಸರೆತ್ತುವವರಿಲ್ಲ. ಮರುದಿನ ಪತ್ತೇದಾರರು ಆ ಧಾರಾವಾಹಿಯನ್ನು ಬೈಯುತ್ತಾರಾದರೂ, ಉತ್ತರ ಸಿಕ್ಕ ಗುಟ್ಟುಗಳಿಗೆ ಗೀಟು ಹಾಕುವಾಗ ಅವರ ಕೈ ತಡವರಿಸುತ್ತದೆ. ಉಳಿದ ಬಾಬ್ತುಗಳನ್ನು ಹೊಸ ಪುಟಕ್ಕೆ ಮುಂದೊಯ್ಯುವಾಗ ಅಕ್ಷರ ದುಂಡಗಾಗುತ್ತದೆ. ಅವರ ಮನ್ನಣೆಯಲ್ಲಿ ಮೊದಲ ಸ್ಥಾನ ಇಂದಿಗೂ ಸೀತಾರಾಮ್ ಅವರ ‘ಮಗಳು ಜಾನಕಿ’ಗೆ. 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಆರಂಭವಾಗಿ 2020ರ ಲಾಕ್‌ಡೌನ್ ಕಾಲದಲ್ಲಿ ನಿಂತ ಆ ಕಥೆಯ ಬಗ್ಗೆ ಅವರು ಯಾವಾಗ ಬೇಕಾದರೂ ವಾದಕ್ಕೆ ಸಿದ್ಧರು. ಪತ್ತೇದಾರರಿಗೆ ಬೇಕಾಗಿರುವುದು ಮೊಕದ್ದಮೆಯೇ ಹೊರತು ತೀರ್ಪಲ್ಲ. ಆದ್ದರಿಂದ ಯಲಹಂಕದ ಕಲ್ಲುಬೆಂಚಿನ ಪಕ್ಕ ಹಾದುಹೋಗುವ ಓದುಗರು, ಉತ್ತರ ಗೊತ್ತಿದ್ದರೂ ಬಾಯಿ ಬಿಡದಿರುವುದು ಲೇಸು.