ಬುಲೆಟ್ ಚಕ್ರವರ್ತಿಗಳ ದಿಗ್ವಿಜಯ

ಝೋಜಿ ಲಾ, ಬಾರಾಲಾಚಾ ಲಾ ಕಣಿವೆದಾರಿಗಳ ಹಿಮ ಸರಿಸಿ ಲಡಾಖ್ ದಾರಿ ತೆರೆದರೆಂಬ ಸುದ್ದಿ ಬಂದದ್ದೇ ತಡ, ಬೆಂಗಳೂರಿನಲ್ಲಿ ದಂಡು ಕಟ್ಟುವ ಕೆಲಸ ಶುರುವಾಗುತ್ತದೆ. ಮೊಣಕೈಗೆ ಕವಚ, ಮೊಣಕಾಲಿಗೆ ಕವಚ, ಬೆನ್ನಿಗೆ ಕವಚ, ಹೆಲ್ಮೆಟ್ಟಿನ ನೆತ್ತಿಗೆ ಕ್ಯಾಮೆರಾ. ಕರ್ಣನಿಗೂ ಇಷ್ಟು ಕವಚ ಇರಲಿಲ್ಲ. ಇದ್ದ ಒಂದನ್ನೂ ಅವನು ಕಂತಿನ ಮೇಲೆ ಕೊಂಡದ್ದಲ್ಲ.

ದಂಡಯಾತ್ರೆ ಹೊರಡುವ ಕ್ರಮ ಹೀಗೆ: ಬೈಕು ಟ್ಯಾಂಕು ಬರಿದು ಮಾಡಿಸಿಕೊಂಡು, ಗೋಣಿ ಸುತ್ತಿಸಿಕೊಂಡು ರೈಲಿನ ಪಾರ್ಸೆಲ್ ಬೋಗಿ ಹತ್ತುತ್ತದೆ. ಒಡೆಯ ವಿಮಾನ ಹತ್ತುತ್ತಾನೆ. ಇಬ್ಬರೂ ಉತ್ತರದಲ್ಲೆಲ್ಲೋ ಸಂಧಿಸುತ್ತಾರೆ. ಟೀ ಶರ್ಟಿನ ಮೇಲೆ ಮಾತ್ರ 'ಬೆಂಗಳೂರಿನಿಂದ ಲಡಾಖ್‌ಗೆ ಬೈಕಿನಲ್ಲಿ' ಎಂದೇ ಇರುತ್ತದೆ. ಅಲ್ಲಿಂದ ಮುಂದೆ ಹಿಂಬಾಲಿಸುವ ಗಾಡಿಯಲ್ಲಿ ಲಗೇಜು, ಮೆಕ್ಯಾನಿಕ್ಕು, ಬಿಡಿಭಾಗ, ಆಮ್ಲಜನಕದ ಸಿಲಿಂಡರು, ಎತ್ತರದ ಕಾಯಿಲೆಗೆ ಡೈಮಾಕ್ಸ್ ಮಾತ್ರೆ. 'ಏಕಾಂಗಿ ಸಾಹಸ'ಕ್ಕೆ ಹೊರಟವನ ಹಿಂದೆ ಇಷ್ಟೆಲ್ಲ ಬರುವುದನ್ನು ಕಂಡರೆ ಮದುವೆ ದಿಬ್ಬಣವೂ ನಾಚಬೇಕು.

ದಿಗ್ವಿಜಯ ಎಂದಮೇಲೆ ಎತ್ತರ ಬೇಕು. ಖರ್ದುಂಗ್ ಲಾ ಮೇಲಿನ ಬೋರ್ಡು ಬಹಳ ವರ್ಷ 18,380 ಅಡಿ ಎಂದೂ, ಜಗತ್ತಿನಲ್ಲೇ ಅತಿ ಎತ್ತರದ ವಾಹನ ರಸ್ತೆ ಎಂದೂ ಸಾರುತ್ತಿತ್ತು. ಜಿಪಿಎಸ್ ಹಿಡಿದು ಅಳೆದವರಿಗೆ ಸಿಕ್ಕಿದ್ದು 5,359 ಮೀಟರು, ಅಂದರೆ ಸುಮಾರು 17,580 ಅಡಿ. ಉಳಿದ 800 ಅಡಿಯನ್ನು ನಮ್ಮ ಸವಾರರು ಬರೀ ಶ್ರದ್ಧೆಯಿಂದ ಹತ್ತಿದ್ದರು. ಆಮೇಲೆ ಗಡಿ ರಸ್ತೆ ಸಂಸ್ಥೆ ಉಮ್ಲಿಂಗ್ ಲಾ ಮೇಲೆ 19,024 ಅಡಿ ಎತ್ತರದಲ್ಲಿ ಡಾಂಬರು ಹಾಸಿ 2021ರಲ್ಲಿ ಗಿನ್ನೆಸ್ ಪ್ರಮಾಣಪತ್ರ ಪಡೆಯಿತು. ಖರ್ದುಂಗ್ ಲಾ ಗೆದ್ದವರೆಲ್ಲ ರಾತ್ರೋರಾತ್ರಿ ಸಾಮಂತರಾದರು. 2025ರಲ್ಲಿ ಅದೇ ಸಂಸ್ಥೆ ಮಿಗ್ ಲಾ ಮೇಲೆ 19,400 ಅಡಿ ಮುಟ್ಟಿತು. ತೋಳಿನ ಮೇಲೆ 19,024 ಎಂದು ಹಚ್ಚೆ ಹಾಕಿಸಿಕೊಂಡವರ ಪಾಡು ಯಾರಿಗೂ ಬೇಡ. ರಸ್ತೆ ಹಾಕಿದ್ದು ಗಡಿಯಂಚಿನ ದೆಮ್‌ಚೋಕ್, ಫುಕ್ಚೆಗಳಿಗೆ ಪಡೆ ಬೇಗ ಮುಟ್ಟಲಿ ಎಂದು. ಚೀನಾ ಬೆದರಿತೋ ಇಲ್ಲವೋ, ಹಚ್ಚೆ ಹಾಕುವವನಿಗಂತೂ ಕೆಲಸ ಸಿಕ್ಕಿತು.

ಗೆದ್ದ ಮೇಲೆ ಶಾಸನ ಬೇಡವೇ? ಪಂಪನ 'ಆದಿಪುರಾಣ'ದಲ್ಲಿ ಷಟ್‌ಖಂಡ ಗೆದ್ದ ಭರತ ಚಕ್ರವರ್ತಿ ತನ್ನ ಹೆಸರು ಬರೆಸಲು ವೃಷಭಾಚಲಕ್ಕೆ ಹೋಗುತ್ತಾನೆ. ನೋಡಿದರೆ ಬೆಟ್ಟದ ತುಂಬ ಹಿಂದಿನ ಚಕ್ರವರ್ತಿಗಳ ಹೆಸರು, ಎಳ್ಳಷ್ಟೂ ಜಾಗವಿಲ್ಲ. ಗರ್ವ ಅಲ್ಲೇ ಇಳಿಯುತ್ತದೆ. ಕಡೆಗೆ ಯಾರದೋ ಹೆಸರು ಅಳಿಸಿ ತನ್ನದನ್ನು ಬರೆಸುತ್ತಾನೆ. ಪಂಪ ಇದನ್ನು ಬರೆದದ್ದು 941ರಲ್ಲಿ. ಲಡಾಖ್‌ನ ರಸ್ತೆ ಫಲಕಗಳನ್ನು ಅವನು ಕಂಡಿರಲಿಲ್ಲ ಎಂದರೆ ನಂಬುವುದು ಕಷ್ಟ. ಅಲ್ಲಿ ಪ್ರತಿ ಫಲಕದ ಮೇಲೂ ಊರೂರಿನ ಬೈಕ್ ಕ್ಲಬ್ಬುಗಳ ಸ್ಟಿಕ್ಕರು ಪದರು ಪದರಾಗಿ ಕೂತಿವೆ. ಮುಂದೆ ತಿರುವಿದೆಯೋ ಪ್ರಪಾತವಿದೆಯೋ ತಿಳಿಯದು. ಯಾವ ಊರಿನ ಯಾವ ಹುಲಿಗಳು ಬಂದುಹೋದರು ಎಂಬುದು ಮಾತ್ರ ಸ್ಪಷ್ಟ. ಹೊಸದಾಗಿ ಬಂದವನು ಉಗುರಿನಿಂದ ಪಕ್ಕದ ರಾಜ್ಯದವನ ಸ್ಟಿಕ್ಕರು ಕೆರೆದು ತನ್ನದನ್ನು ಅಂಟಿಸುತ್ತಾನೆ, ಹಳದಿ ಕೆಂಪು ಬಾವುಟ ಬಿಡಿಸಿ ಫೋಟೊ ಹೊಡೆಸಿಕೊಳ್ಳುತ್ತಾನೆ. ವ್ಯತ್ಯಾಸ ಒಂದೇ: ಭರತನ ಗರ್ವ ಇಳಿದಿತ್ತು.

ಈ ವಿಜಯಪಥವನ್ನು ಕಡಿದವರು ಯಾರು? ದೊಡ್ಡ ಪಾಲು ಝಾರ್ಖಂಡಿನ ದುಮ್ಕಾ ಕಡೆಯ ಕೂಲಿಗಳು. 2020ರ ಲಾಕ್‌ಡೌನಿನಲ್ಲಿ ಊರು ಸೇರಲಾಗದೆ ಸಿಕ್ಕಿಬಿದ್ದ ಅವರಲ್ಲಿ 60 ಜನರನ್ನು ಮೇ ಕೊನೆಗೆ ಆ ರಾಜ್ಯದ ಸರ್ಕಾರ ಲೇಹ್‌ನಿಂದ ವಿಮಾನದಲ್ಲಿ ಕರೆಸಿಕೊಂಡಿತು. ಜೂನ್‌ನಲ್ಲಿ ದುಮ್ಕಾದಿಂದ ಒಂದು ರೈಲು ಕೂಲಿಗಳನ್ನು ತುಂಬಿಕೊಂಡು ಲಡಾಖ್ ಕೆಲಸಕ್ಕೆ ಹೊರಟಿತು. ಸವಾರ ಇಪ್ಪತ್ತು ನಿಮಿಷ ನಿಂತು ತಲೆ ಸುತ್ತಿಸಿಕೊಳ್ಳುವ ಎತ್ತರದಲ್ಲಿ ಅವರು ಇಡೀ ಬೇಸಿಗೆ ಕಲ್ಲು ಒಡೆಯುತ್ತಾರೆ. ಅವರ ಸ್ಟಿಕ್ಕರು ಮಾತ್ರ ಎಲ್ಲೂ ಕಾಣುವುದಿಲ್ಲ.

ಇನ್ನು ಭದ್ರತೆ. ಇದು ಗಡಿನಾಡು, ಹುಡುಗಾಟವಲ್ಲ. ಕಾಗದಪತ್ರಗಳ ಝೆರಾಕ್ಸ್ ಕಟ್ಟು ಜೇಬಿನಲ್ಲಿರಬೇಕು, ತಡೆದಲ್ಲೆಲ್ಲ ಒಂದೊಂದು ಕೊಡಬೇಕು. ಲೈಸೆನ್ಸ್ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಟುಕೊಂಡರೆ ಅಪರಾಧ. ಬೆಟ್ಟದಲ್ಲಿ ಬಿದ್ದರೆ ನೆರವು ಕೇಳಲೆಂದು ಇಂಥ ಯಂತ್ರ ತಂದ ವಿದೇಶಿಯರು ನಮ್ಮ ದೇಶದಲ್ಲಿ ಪೊಲೀಸ್ ಠಾಣೆಯ ಬೆಂಚು ಕಂಡಿದ್ದಾರೆ. ನಮ್ಮ ಸವಾರನ ಹೆಲ್ಮೆಟ್ ಕ್ಯಾಮೆರಾ ಮಾತ್ರ ಸೇತುವೆ, ಬಂಕರು, ಸೇನಾ ಲಾರಿಗಳ ಸಾಲು ಎಲ್ಲವನ್ನೂ ನುಂಗುತ್ತ ಸಾಗುತ್ತದೆ. ಸಂಜೆ ಅದಕ್ಕೊಂದು ದೇಶಭಕ್ತಿ ಗೀತೆ ಸೇರಿಸಿ, ಜಾಗದ ಹೆಸರು ಹಾಕಿ, ಲೋಕಕ್ಕೆ ಅರ್ಪಿಸುತ್ತಾನೆ. ಶತ್ರು ಗೂಢಚಾರರನ್ನು ಸಾಕುವ ಖರ್ಚು ಉಳಿಯಿತು.

ಚೆಕ್‌ಪೋಸ್ಟಿನಲ್ಲಿ ಬಾಗಲಕೋಟೆ ಕಡೆಯ ಜವಾನ ಸಿಕ್ಕರಂತೂ ಹಬ್ಬ.

"ಬೆಂಗಳೂರಿಂದ ಇಲ್ಲೀತನಕ ಬಂದೀರಿ? ಏನ್ ಕೆಲಸ ಇತ್ರೀ ಸರ?"

"ಕೆಲಸ ಏನಿಲ್ಲ ಅಣ್ಣ, ರಜಾ ಹಾಕಿ ಬಂದ್ವಿ."

"ಹೌದೇನ್ರಿ? ನಮಗ ರಜಾ ಸಿಕ್ಕರ ಊರಿಗೆ ಓಡ್ತೀವ್ರಿ."

ಸವಾರ ನಗುತ್ತಾನೆ, ಸೆಲ್ಫಿ ತೆಗೆಯುತ್ತಾನೆ, 'ಗಡಿ ಕಾಯುವ ಕನ್ನಡಿಗನೊಡನೆ' ಎಂದು ಬರೆದು ಆ ಕ್ಷಣವೇ ಊರಿಗೆ ಕಳಿಸುತ್ತಾನೆ. ಪೋಸ್ಟ್‌ಪೇಯ್ಡ್ ಸಿಮ್ ಇದ್ದರೆ. ಭದ್ರತೆಯ ಕಾರಣಕ್ಕೆ ಹೊರಗಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ದೇಶಭಕ್ತಿಗೂ ತಿಂಗಳ ಬಿಲ್ಲು ಬರಬೇಕು.

ಸರ್ಕಾರಕ್ಕೂ ಈ ಉತ್ಸಾಹ ಅರ್ಥವಾಗಿದೆ. 2025ರ ಜನವರಿಯಲ್ಲಿ ರಣಭೂಮಿ ದರ್ಶನವೆಂಬ ಯೋಜನೆ ಬಂತು. 2020ರಲ್ಲಿ ಚೀನೀ ಸೈನಿಕರೊಡನೆ ಸೆಣಸಿ ನಮ್ಮ 20 ಯೋಧರು ಸತ್ತ ಗಲ್ವಾನ್ ಕೂಡ ಪ್ರವಾಸಿ ತಾಣಗಳ ಪಟ್ಟಿ ಸೇರಿತು. ಅದೇ ಗಲ್ವಾನ್ ಘರ್ಷಣೆಯ ನಂತರ ಎರಡೂ ದೇಶಗಳು ಹಿಂದೆ ಸರಿದು ಹಲವೆಡೆ ಬಫರ್ ವಲಯ ಮಾಡಿಕೊಂಡವು. ಅಲ್ಲಿಗೆ ಅವರ ಗಸ್ತೂ ಇಲ್ಲ, ನಮ್ಮ ಗಸ್ತೂ ಇಲ್ಲ, ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಚಾಂಗ್ಪಾ ಕುರಿಗಾಹಿಗಳ ಪಶ್ಮೀನಾ ಮೇಕೆಗಳೂ ಇಲ್ಲ. ಮೇಕೆಗೆ ರಾಜತಾಂತ್ರಿಕತೆ ತಿಳಿಯದು. ಹುಲ್ಲು ಕಂಡಲ್ಲಿ ಹೋಗುತ್ತದೆ, ಹಿಂದೆಯೇ ಒಡೆಯನೂ ಹೋಗುತ್ತಾನೆ. 2024ರ ಜನವರಿಯಲ್ಲಿ ಕಾಕ್‌ಜುಂಗ್ ಎಂಬಲ್ಲಿ ಚೀನೀ ಸೈನಿಕರು ಗಾಡಿಗಳಲ್ಲಿ ಬಂದು ಅಡ್ಡಗಟ್ಟಿದಾಗ ಆ ಕುರಿಗಾಹಿಗಳು ಕದಲದೆ ನಿಂತು, ಇದು ನಮ್ಮ ನೆಲ ಎಂದು ಜಗಳವಾಡಿದರು. ಮೊಣಕಾಲಿಗೆ ಕವಚ ಇರಲಿಲ್ಲ. ಹಿಂದೆ ಆಮ್ಲಜನಕದ ಗಾಡಿಯೂ ಇರಲಿಲ್ಲ.

ಅದೇ ವರ್ಷ ಏಪ್ರಿಲ್‌ನಲ್ಲಿ ಲಡಾಖಿನ ಹೋರಾಟಗಾರ ಸೋನಮ್ ವಾಂಗ್‌ಚುಕ್ ಮತ್ತು ಸಂಗಡಿಗರು, ಮೇವಿನ ನೆಲ ಎಷ್ಟು ಹೋಗಿದೆ ಎಂದು ತೋರಿಸಲು ಲೇಹ್‌ನಿಂದ ಗಡಿಯ ಕಡೆಗೆ 'ಪಶ್ಮೀನಾ ಮೆರವಣಿಗೆ' ಹೊರಡುತ್ತೇವೆ ಎಂದರು. ಆಡಳಿತ 144ನೇ ಸೆಕ್ಷನ್ ಹಾಕಿತು, ಇಂಟರ್‌ನೆಟ್ ವೇಗ ಇಳಿಸಿತು. ನಡಿಗೆ ರದ್ದಾಯಿತು. 2025ರ ಸೆಪ್ಟೆಂಬರ್ 24ರಂದು ಲಡಾಖ್‌ಗೆ ರಾಜ್ಯದ ಸ್ಥಾನಮಾನ ಮತ್ತು ಸಂವಿಧಾನದ ಆರನೇ ಅನುಸೂಚಿಯ ರಕ್ಷಣೆ ಕೇಳಿದ ಪ್ರತಿಭಟನೆ ಹಿಂಸೆಗೆ ತಿರುಗಿ, ಗೋಲಿಬಾರಿನಲ್ಲಿ ನಾಲ್ವರು ಸತ್ತರು. ಅವರಲ್ಲೊಬ್ಬ ಕಾರ್ಗಿಲ್ ಯುದ್ಧ ಮಾಡಿದ್ದ ಮಾಜಿ ಯೋಧ. ಎರಡು ದಿನದ ಬಳಿಕ ವಾಂಗ್‌ಚುಕ್ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿತರಾಗಿ ದೂರದ ಜೋಧಪುರದ ಜೈಲು ಸೇರಿದರು. 'ತ್ರೀ ಈಡಿಯಟ್ಸ್' ಚಿತ್ರದ ನಾಯಕನ ಪಾತ್ರಕ್ಕೆ ಸ್ಫೂರ್ತಿ ಇವರೇ ಎನ್ನುತ್ತಾರೆ. ಪಾಂಗಾಂಗ್ ದಂಡೆಯಲ್ಲಿ ಆ ಚಿತ್ರದ ಹಳದಿ ಸ್ಕೂಟರಿನಂಥದ್ದೊಂದು ನಿಂತಿರುತ್ತದೆ. ಅದರ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಯಾವ ಕಾಯ್ದೆಯ ಅಡ್ಡಿಯೂ ಇಲ್ಲ.

ಒಟ್ಟಿನಲ್ಲಿ ನಿಯಮ ಸರಳ. ಎರಡು ಚಕ್ರದ ಮೇಲೆ ನೋಡಲು ಬಂದವನು ದೇಶಭಕ್ತ, ಎರಡು ಕಾಲಿನ ಮೇಲೆ ಕೇಳಲು ಬಂದವನು ಭದ್ರತೆಗೆ ಅಪಾಯ.

ಆದ್ದರಿಂದ ಲಡಾಖಿಗಳಿಗೊಂದು ಹಿತವಚನ. ಮುಂದಿನ ಸಲ ಗಡಿಗೆ ಹೊರಡುವಾಗ 'ಮೆರವಣಿಗೆ' ಎನ್ನಬೇಡಿ, 'ರೈಡ್' ಎನ್ನಿ. ನಡೆದು ಹೋಗಬೇಡಿ, ಬಾಡಿಗೆಗೆ ಬುಲೆಟ್ ಹಿಡಿಯಿರಿ. ಬೇಡಿಕೆಗಳನ್ನು ಬ್ಯಾನರಿನಲ್ಲಿ ಬರೆಯದೆ ಸ್ಟಿಕ್ಕರು ಮಾಡಿಸಿ. ಮೇಕೆಗಳನ್ನು ಹಿಂಬಾಲಿಸುವ ಗಾಡಿಗೆ ಹತ್ತಿಸಿ, ಲಗೇಜು ಎಂದು ಬರೆಸಿ. ಅರ್ಜಿಯಲ್ಲಿ ಊರು ಚಾಂಗ್‌ಥಾಂಗ್ ಎನ್ನದೆ ಬೆಂಗಳೂರು, ಎಚ್‌ಎಸ್‌ಆರ್ ಲೇಔಟ್ ಎಂದು ತುಂಬಿ. ಶುಲ್ಕ ಕಟ್ಟಿ, ನಾಲ್ಕು ಝೆರಾಕ್ಸ್ ಕೊಟ್ಟರೆ ನಿಮ್ಮ ಅಜ್ಜ ಮೇಕೆ ಮೇಯಿಸಿದ ನೆಲವನ್ನು ನೀವೂ ಎರಡು ದಿನ ನೋಡಿಬರಬಹುದು. ಪ್ರವಾಸೋದ್ಯಮಕ್ಕೆ ನಮ್ಮಲ್ಲಿ ಎಂದೂ ಅಡ್ಡಿಯಿಲ್ಲ.